"ಕೇಳಸತೈತ್ರಿ, ಆದ್ರ ತಿಳಿಯಂಗಿಲ್ಲ": ಒಳಕಿವಿಯ ರೋಮಕೋಶಗಳಿಗೆ ಮಿದುಳು ಹಿಡಿದ ಲಗಾಮು – ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಗದಗ, ಹಾವೇರಿ, ಕುಂದಗೋಳ, ನವಲಗುಂದ, ಸವಣೂರು ಕಡೆಯಿಂದ ಬಂದವರು ಎದುರಿಗೆ ಕುಳಿತು ಆಡುವ ಮೊದಲ ಮಾತು ಬಹುತೇಕ ಒಂದೇ: "ಕೇಳಸತೈತ್ರಿ ಅಕ್ಕಾರ, ಆದ್ರ ಏನಂತಾರ ತಿಳಿಯಂಗಿಲ್ಲ." ಈ ಮಾತಿಗೆ ಸರಿಯಾದ ಉತ್ತರ ಕೊಡಬೇಕೆಂದರೆ ಕಿವಿಯಿಂದ ಮಿದುಳಿಗೆ ಏರುವ ದಾರಿಯನ್ನಷ್ಟೇ ಹೇಳಿದರೆ ಸಾಲದು, ಮಿದುಳಿನಿಂದ ಕಿವಿಗೆ ಇಳಿದು ಬರುವ ದಾರಿಯನ್ನೂ ಹೇಳಬೇಕು. ಈ ಎರಡನೆಯ ದಾರಿಯ ಹೆಸರು ಕೇಳಿದವರೇ ಕಡಿಮೆ. ಹೊರಗೆ ಹತ್ತು ಜನ ಸರದಿಗೆ ಕಾಯುತ್ತಿರುವಾಗ ಹೇಳಿ ಮುಗಿಯದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಜನ ಕೇಳಿದ ಹಾಗೆಯೇ ಇಟ್ಟಿದ್ದೇನೆ.

ಮನ್ಯಾಗ ಚೊಲೋ ಕೇಳಸತೈತಿ. ಲಗ್ನದ ಮನ್ಯಾಗ, ಸಂತ್ಯಾಗ ಮಾತ್ರ ಏನೂ ತಿಳಿಯಂಗಿಲ್ಲ. ಯಾಕ?

ಸದ್ದು ಕಿವಿಗೆ ಬೀಳುವುದು ಬೇರೆ, ಹತ್ತು ಸದ್ದುಗಳ ನಡುವಿನಿಂದ ಒಂದು ಮಾತನ್ನು ಆರಿಸಿಕೊಳ್ಳುವುದು ಬೇರೆ. ಮೊದಲನೆಯದನ್ನು ಅಳೆಯುವುದು ಸುಲಭ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, "ಟೂಂ ಅಂದ ಕೂಡಲೇ ಬಟನ್ ಒತ್ರಿ" ಎಂದರೆ ಮುಗಿಯಿತು. ಎಷ್ಟೋ ಜನರ ಪಟ್ಟಿ ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರುತ್ತದೆ. "ನಿಮ್ಮ ಕಿವಿ ಸರಿ ಅದಾವು" ಎಂದು ಹೇಳಿ ಕಳಿಸಿದರೆ ಅವರು ಇನ್ನಷ್ಟು ನೊಂದುಕೊಂಡು ಮನೆಗೆ ಹೋಗುತ್ತಾರೆ. ಹೀಗೆ ಕಳಿಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಸದ್ದಿನ ನಡುವೆ ಮಾತು ಆರಿಸುವ ಕೆಲಸ ಬರೀ ಕಿವಿಯದ್ದೂ ಅಲ್ಲ, ಬರೀ ಮಿದುಳಿನದ್ದೂ ಅಲ್ಲ. ಕಿವಿಯೊಳಗಿನ ಕೆಲವು ಕೋಶಗಳ ಕೆಲಸದ ಬಲವನ್ನು ಮಿದುಳು ಗಳಿಗೆಗಳಿಗೆಗೂ ಏರಿಸಿ ಇಳಿಸುತ್ತಿರುತ್ತದೆ. ಕೋಶಗಳು ಸವೆದರೂ, ಅವುಗಳಿಂದ ಹೊರಡುವ ನರದ ಎಳೆಗಳು ಕಡಿದರೂ, ಮಿದುಳಿನಿಂದ ಬರುವ ಹಿಡಿತ ಸಡಿಲಾದರೂ ಹೊರಗೆ ಕಾಣುವ ದೂರು ಒಂದೇ ಬಗೆಯದು: ಕೇಳಸತೈತಿ, ತಿಳಿಯಂಗಿಲ್ಲ.

ರೋಮಕೋಶ ಅಂದ್ರ ಕಿವ್ಯಾಗ ಕಾಣತಾವಲ್ಲ, ಆ ಕೂದಲಾ?

ಅಲ್ಲ. ಹೊರಗೆ ಕಾಣುವ ಕೂದಲಿಗೂ ಇದಕ್ಕೂ ಸಂಬಂಧವಿಲ್ಲ. ತಲೆಬುರುಡೆಯ ಗಟ್ಟಿ ಎಲುಬಿನೊಳಗೆ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ ಒಂದು ಕೊಳವೆ ಇದೆ, ಅದರ ಹೆಸರು ಕಾಕ್ಲಿಯಾ. ಬಿಚ್ಚಿ ಹಾಸಿದರೆ ಉದ್ದ ಸುಮಾರು 35 ಮಿಲಿಮೀಟರ್. ಅದರೊಳಗೆ ದ್ರವ ತುಂಬಿದೆ, ನಡುವೆ ಒಂದು ತೆಳು ಪೊರೆ ಚಾಚಿಕೊಂಡಿದೆ, ಆ ಪೊರೆಯ ಮೇಲೆ ಸಾಲುಗಟ್ಟಿ ನಿಂತ ಕೋಶಗಳೇ ರೋಮಕೋಶಗಳು. ಒಂದೊಂದರ ನೆತ್ತಿಯ ಮೇಲೂ ಅತಿ ಸಣ್ಣ ಎಳೆಗಳ ಗೊಂಚಲು ಇರುವುದರಿಂದ ಆ ಹೆಸರು. ದ್ರವ ಅಲುಗಿದಾಗ ಗೊಂಚಲು ಬಾಗುತ್ತದೆ, ಬಾಗಿದಾಗ ಎಳೆಗಳ ತುದಿಯ ಬಾಗಿಲುಗಳು ತೆರೆಯುತ್ತವೆ, ಪೊಟ್ಯಾಸಿಯಂ ಒಳನುಗ್ಗುತ್ತದೆ, ಕೋಶದಲ್ಲಿ ವಿದ್ಯುತ್ ಬದಲಾಗುತ್ತದೆ. ಸದ್ದು ವಿದ್ಯುತ್ತಾಗುವ ಜಾಗ ಇದೇ. ಅತಿ ಮೆಲ್ಲನೆಯ ಸದ್ದಿಗೆ ಈ ಗೊಂಚಲು ಒಂದು ನ್ಯಾನೋಮೀಟರಿಗಿಂತ ಕಡಿಮೆ ಅಲುಗಿದರೂ ಸಾಕು.

ಎಲ್ಲ ಸದ್ದಿಗೂ ಪೊರೆಯ ಎಲ್ಲ ಭಾಗ ಅಲುಗುವುದಿಲ್ಲ. ಕೊಳವೆಯ ಬುಡ ತಾರಕಕ್ಕೆ, ತುದಿ ಮಂದ್ರಕ್ಕೆ. ಪೇಟಿಯ ಮನೆಗಳನ್ನು ಸುರುಳಿ ಸುತ್ತಿಟ್ಟ ಹಾಗೆ.

ಎರಡು ನಮೂನಿ ರೋಮಕೋಶ ಇರತಾವಂತ. ಒಂದ್ರಾಗ ಮುಗೀತಿರಲಿಲ್ಲೇನು?

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಒಳಸಾಲು ಒಂದು, ಅದರಲ್ಲಿ ಒಂದು ಕಿವಿಗೆ ಸುಮಾರು 3,500 ಕೋಶ. ಹೊರಸಾಲು ಮೂರು, ಅವುಗಳಲ್ಲಿ ಸುಮಾರು 12,000 ಕೋಶ. ಮೂರು ಪಟ್ಟಿಗಿಂತ ಹೆಚ್ಚು ಇರುವ ಹೊರಗಿನವೇ ಮಿದುಳಿಗೆ ಸುದ್ದಿ ಒಯ್ಯುತ್ತವೆ ಎಂದು ಯಾರಾದರೂ ಊಹಿಸುತ್ತಾರೆ. ಇರುವುದು ಅದರ ತದ್ವಿರುದ್ಧ. ಶ್ರವಣ ನರದಲ್ಲಿ ಸುಮಾರು 30,000 ಎಳೆಗಳಿವೆ. ಅವುಗಳಲ್ಲಿ ನೂರಕ್ಕೆ 95ರಷ್ಟು ಹೊರಡುವುದು ಆ ಒಂದೇ ಒಂದು ಒಳಸಾಲಿನಿಂದ.

ಹಾಗಾದರೆ ಹೊರಗಿನ ಹನ್ನೆರಡು ಸಾವಿರ ಕೋಶಗಳ ಕೆಲಸವೇನು? ಅವು ಕುಣಿಯುತ್ತವೆ. ನಾನು ಅಲಂಕಾರಕ್ಕೆ ಈ ಮಾತು ಬಳಸುತ್ತಿಲ್ಲ. ವಿದ್ಯುತ್ ಬದಲಾದಂತೆ ಹೊರ ರೋಮಕೋಶದ ಮೈ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ, ಸೆಕೆಂಡಿಗೆ ಸಾವಿರಾರು ಸಲ. ಪೊರೆ ಅಲುಗಿದ ತಾಳಕ್ಕೆ ಸರಿಯಾಗಿ ಇವು ಜಗ್ಗಿ ತಳ್ಳುವುದರಿಂದ ಆ ಅಲುಗಾಟ ಅಲ್ಲೇ, ಅದೇ ಜಾಗದಲ್ಲಿ ದೊಡ್ಡದಾಗುತ್ತದೆ. ಜೋಕಾಲಿ ಜೀಕುವಾಗ ಸರಿಯಾದ ಗಳಿಗೆಯಲ್ಲಿ ಹಿಂದಿನಿಂದ ಒಂದು ಸಣ್ಣ ನೂಕು ಕೊಟ್ಟರೆ ಪಂಚಮಿಯ ಜೋಕಾಲಿ ಮಾವಿನ ಟೊಂಗೆ ಮುಟ್ಟುವುದಿಲ್ಲವೇ, ಹಾಗೆ. ಈ ಕೋಶಗಳು ಸತ್ತವರಿಗೆ, ಸದ್ದಿನ ಜೋರನ್ನು ಅಳೆಯುವ ಲೆಕ್ಕದಲ್ಲಿ, 40ರಿಂದ 60 ಡೆಸಿಬೆಲ್‌ನಷ್ಟು ಶ್ರವಣ ಹೋಗುತ್ತದೆ. ಅಷ್ಟೇ ಅಲ್ಲ, ಹತ್ತಿರಹತ್ತಿರದ ಎರಡು ಸ್ವರಗಳನ್ನು ಬೇರ್ಪಡಿಸುವ ಚುರುಕೂ ಹೋಗುತ್ತದೆ.

ಕಿವಿಯೊಳಗೆ ಇಂಥದೊಂದು ಯಂತ್ರ ಇರಲೇಬೇಕು ಎಂದು ಥಾಮಸ್ ಗೋಲ್ಡ್ 1948ರಲ್ಲೇ ವಾದಿಸಿದ್ದರು. ಆಗ ಅದನ್ನು ಹೆಚ್ಚು ಜನ ಒಪ್ಪಲಿಲ್ಲ. ಮೂವತ್ತು ವರ್ಷ ಕಳೆದು 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಿವಿಯ ಬಾಯಿಗೆ ಮೈಕ್ ಇಟ್ಟು ಕೇಳಿದಾಗ ಕಿವಿಯೊಳಗಿಂದಲೇ ಸದ್ದು ಹೊರಬರುವುದು ಸಿಕ್ಕಿತು. 1985ರಲ್ಲಿ ವಿಲಿಯಂ ಬ್ರೌನೆಲ್ ಮತ್ತು ಸಂಗಡಿಗರು ಬಿಡಿ ಕೋಶ ಕುಣಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. 2000ದಲ್ಲಿ ಪೀಟರ್ ಡಾಲೋಸ್ ಅವರ ಪ್ರಯೋಗಾಲಯ ಈ ಕುಣಿತದ ಪ್ರೋಟೀನನ್ನು ಗುರುತಿಸಿ ಪ್ರೆಸ್ಟಿನ್ ಎಂದು ಹೆಸರಿಟ್ಟಿತು. ಪಾಶ್ಚಾತ್ಯ ಸಂಗೀತದಲ್ಲಿ ಅತಿ ದ್ರುತ ಲಯಕ್ಕೆ ಪ್ರೆಸ್ಟೋ ಎನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ.

ಮಿದುಳಿಂದ ಕಿವಿಗೆ ನರ ಬರತಾವು ಅಂತ ಯಾವಾಗ ಗೊತ್ತಾತು?

1946ರಲ್ಲಿ ಅಮೆರಿಕದ ಅಂಗರಚನಾ ವಿಜ್ಞಾನಿ ಗ್ರಾಂಟ್ ರಾಸ್ಮುಸೆನ್ ಮಿದುಳಿನ ಬುಡದಲ್ಲಿರುವ ಮಿದುಳ ಕಾಂಡದಿಂದ ಕಾಕ್ಲಿಯಾಕ್ಕೆ ಇಳಿಯುವ ನರಗಳ ಕಟ್ಟೊಂದನ್ನು ವಿವರಿಸಿದರು. ಅದು ಹೊರಡುವುದು ಆಲಿವ್ ಕಾಯಿಯ ಆಕಾರವಿರುವ ಒಂದು ಭಾಗದಿಂದ, ಆದ್ದರಿಂದ ಆಲಿವೋಕಾಕ್ಲಿಯರ್ ನರಗಳೆಂದು ಹೆಸರು. ಹತ್ತು ವರ್ಷದ ಮೇಲೆ, 1956ರಲ್ಲಿ, ರಾಬರ್ಟ್ ಗಲಾಂಬೋಸ್ ಬೆಕ್ಕುಗಳಲ್ಲಿ ಈ ಕಟ್ಟಿಗೆ ವಿದ್ಯುತ್ ಕೊಟ್ಟು ನೋಡಿದರು. ಕಿವಿಗೆ ಕೊಟ್ಟ ಸದ್ದು ಅಷ್ಟೇ ಇತ್ತು, ಶ್ರವಣ ನರದ ಉತ್ತರ ಮಾತ್ರ ಕುಗ್ಗಿತು. ಮಿದುಳು ಕಿವಿಯನ್ನು ತಗ್ಗಿಸಬಲ್ಲದು ಎಂಬುದಕ್ಕೆ ಅದು ಮೊದಲ ನೇರ ಸಾಕ್ಷಿ.

1979ರಲ್ಲಿ ವಾರ್ ಮತ್ತು ಗಿನಾನ್ ಈ ಕಟ್ಟಿನಲ್ಲಿ ಎರಡು ಪಂಗಡ ಇರುವುದನ್ನು ತೋರಿಸಿದರು. ದಪ್ಪ ಎಳೆಗಳು ಹೊರ ರೋಮಕೋಶಗಳ ಬುಡಕ್ಕೇ ಬಂದು ಮುಟ್ಟುತ್ತವೆ, ಇವುಗಳಲ್ಲಿ ಹೆಚ್ಚಿನವು ಎದುರು ಬದಿಯಿಂದ ದಾಟಿ ಬರುವಂಥವು. ತೆಳು ಎಳೆಗಳು ಹೆಚ್ಚಾಗಿ ಅದೇ ಬದಿಯಿಂದ ಬಂದು, ಒಳ ರೋಮಕೋಶವನ್ನು ಮುಟ್ಟದೆ, ಅದರ ಕೆಳಗಿರುವ ಶ್ರವಣ ನರದ ತುದಿಗಳನ್ನು ಮುಟ್ಟುತ್ತವೆ. ನಾನು ಲಗಾಮು ಎನ್ನುವುದು ಮುಖ್ಯವಾಗಿ ಮೊದಲನೆಯ ಪಂಗಡಕ್ಕೆ.

ಲಗಾಮು ಜಗ್ಗೂದು ಹೆಂಗ?

ಸದ್ದು ಕಿವಿಗೆ ಬೀಳುತ್ತದೆ, ಶ್ರವಣ ನರ ಅದನ್ನು ಮಿದುಳ ಕಾಂಡಕ್ಕೆ ಒಯ್ಯುತ್ತದೆ, ಅಲ್ಲಿಂದಲೇ ತಿರುಗಿ ಅಪ್ಪಣೆ ಹೊರಡುತ್ತದೆ. ಇಳಿದು ಬಂದ ನರದ ತುದಿ ಹೊರ ರೋಮಕೋಶದ ಬುಡದಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ.

ಇಲ್ಲೊಂದು ಸೊಗಸು ಇದೆ, ಪಿಯುಸಿ ವಿಜ್ಞಾನ ಓದಿದವರು ಗಮನಿಸಬೇಕು. ನಮ್ಮ ಕೈಕಾಲಿನ ಸ್ನಾಯುಗಳಲ್ಲಿ ಇದೇ ಅಸಿಟೈಲ್‌ಕೋಲಿನ್ "ಎದ್ದೇಳು" ಎನ್ನುವ ಅಪ್ಪಣೆ. ಒಳಕಿವಿಯಲ್ಲಿ ಅದು "ಸುಮ್ಮನಿರು" ಎನ್ನುವ ಅಪ್ಪಣೆ. ರಾಸಾಯನಿಕ ಒಂದೇ, ಕೇಳಿಸಿಕೊಳ್ಳುವ ಬಾಗಿಲು ಬೇರೆ. ರೋಮಕೋಶದ ಬಾಗಿಲು ಆಲ್ಫಾ-9 ಮತ್ತು ಆಲ್ಫಾ-10 ಎಂಬ ಎರಡು ತುಣುಕುಗಳಿಂದ ಆದದ್ದು. ಅರ್ಜೆಂಟೀನಾದ ಬೆಲೆನ್ ಎಲ್ಗೋಯೆನ್ ಮತ್ತು ಸಂಗಡಿಗರು ಮೊದಲನೆಯದನ್ನು 1994ರಲ್ಲಿ, ಎರಡನೆಯದನ್ನು 2001ರಲ್ಲಿ ವರದಿ ಮಾಡಿದರು. ಆ ಬಾಗಿಲಿನಿಂದ ಕ್ಯಾಲ್ಸಿಯಂ ಒಳಬರುತ್ತದೆ. ಬಂದ ಕ್ಯಾಲ್ಸಿಯಂ ಪಕ್ಕದಲ್ಲೇ ಇರುವ ಇನ್ನೊಂದು ಬಾಗಿಲನ್ನು ತೆರೆಯುತ್ತದೆ, ಅದರಿಂದ ಪೊಟ್ಯಾಸಿಯಂ ಹೊರಹೋಗುತ್ತದೆ. ಒಳಬಂದದ್ದಕ್ಕಿಂತ ಹೊರಹೋದದ್ದರ ಪರಿಣಾಮವೇ ಹೆಚ್ಚು, ಕೋಶ ತಣ್ಣಗಾಗುತ್ತದೆ, ಅದರ ನೂಕು ಪೊರೆಗೆ ಸಿಗದಂತಾಗುತ್ತದೆ. ಸದ್ದು ಶುರುವಾಗಿ ಸುಮಾರು 100 ಮಿಲಿಸೆಕೆಂಡಿನಲ್ಲಿ ಇಷ್ಟೆಲ್ಲ ನಡೆದುಹೋಗುತ್ತದೆ. ಹತ್ತಾರು ಸೆಕೆಂಡು ಹಿಡಿಯುವ ಇನ್ನೊಂದು ನಿಧಾನದ ಹಿಡಿತವೂ ಇದರ ಜತೆಗಿದೆ.

ಸದ್ದು ಕಡಿಮಿ ಮಾಡಿದ್ರ ಮಾತು ಇನ್ನೂ ಕಡಿಮಿ ಕೇಳಸಬೇಕಲ್ಲ? ತಿಳಿಯೂದು ಹೆಂಗ?

ಕೇಳಬೇಕಾದ ಪ್ರಶ್ನೆಯೇ ಇದು. ಸುಗ್ಗಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರು ಉತ್ತರವನ್ನು ಮೂಗಿನಿಂದಲೇ ತಿಳಿಯಬಹುದು. ಮೊದಲ ಹತ್ತು ನಿಮಿಷ ಘಾಟು ತಡೆಯಲಾಗದು. ದಿನವಿಡೀ ಅಲ್ಲೇ ನಿಂತ ಹಮಾಲರಿಗೆ ಘಾಟು ಅಷ್ಟಾಗಿ ಗೊತ್ತಾಗುವುದಿಲ್ಲ. ಒಂದೇ ಸುದ್ದಿಯನ್ನು ಎಡೆಬಿಡದೆ ಒಯ್ದ ನರಕ್ಕೆ ಹೊಸ ಸುದ್ದಿ ಒಯ್ಯಲು ಬಲ ಉಳಿದಿರುವುದಿಲ್ಲ.

ಫ್ಯಾನಿನ ಗರಗರ, ತಗಡಿನ ಮೇಲೆ ಬೀಳುವ ಧಾರವಾಡದ ಜಿಟಿಜಿಟಿ ಮಳೆ, ಬಸ್ಸಿನ ಎಂಜಿನ್ – ಇಂಥ ಒಂದೇ ಸಮನೆಯ ಸದ್ದು ಕೂಡ ಶ್ರವಣ ನರವನ್ನು ಹೀಗೆಯೇ ದಣಿಸುತ್ತದೆ. ಹೊರ ರೋಮಕೋಶಗಳು ದೊಡ್ಡದು ಮಾಡುವುದು ಮೆಲ್ಲನೆಯ ಸದ್ದನ್ನೇ ಹೆಚ್ಚು, ಜೋರಿನ ಸದ್ದಿಗೆ ಅವುಗಳ ನೂಕು ಕಡಿಮೆ. ಆದ್ದರಿಂದ ಮಿದುಳು ಲಗಾಮು ಜಗ್ಗಿದಾಗ ಪೆಟ್ಟು ಬೀಳುವುದು ಹಿನ್ನೆಲೆಯ ಗರಗರಕ್ಕೆ. ಅದರ ಮೇಲೆ ಎದ್ದು ನಿಂತ "ಕ", "ಪ", "ತ"ಗಳಂಥ ಚುಟುಕು ಸದ್ದುಗಳು ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ನರಕ್ಕೂ ಸ್ವಲ್ಪ ದಣಿವಾರುತ್ತದೆ, ಹೊಸ ಅಕ್ಷರ ಬಂದಾಗ ಅದಕ್ಕೆ ಉತ್ತರ ಕೊಡುವ ತ್ರಾಣ ಇರುತ್ತದೆ. ಒಟ್ಟು ಸದ್ದು ತಗ್ಗಿತು, ಮಾತಿಗೂ ಗದ್ದಲಕ್ಕೂ ನಡುವಿನ ಅಂತರ ಹೆಚ್ಚಿತು. ತಿಳಿಯುವುದು ಆ ಅಂತರದಿಂದ.

ಪೂರ್ಣ ನಿಶ್ಶಬ್ದದಲ್ಲಿ ಇದೇ ಲಗಾಮು ನಷ್ಟವನ್ನೂ ಮಾಡಬಲ್ಲದು. ಅದಕ್ಕೇ ಮಿದುಳು ಅದನ್ನು ಯಾವಾಗಲೂ ಒಂದೇ ಬಿಗಿಯಲ್ಲಿ ಹಿಡಿದಿರುವುದಿಲ್ಲ.

ಮಗ ಮೊಬೈಲ್ ನೋಡೂಮುಂದ ಹತ್ತು ಸಲ ಕರದ್ರೂ "ಆಂ" ಅನ್ನಂಗಿಲ್ಲ. ಮಿದುಳ ಕಿವಿ ಮುಚ್ಚಿರತೈತೇನು?

ಕಿವಿಗೆ ಕಣ್ಣಿನಂತೆ ರೆಪ್ಪೆ ಇಲ್ಲ, ನಿದ್ದೆಯಲ್ಲೂ ಅದು ತೆರೆದೇ ಇರುತ್ತದೆ. ಬೇಡದ ಸದ್ದನ್ನು ಬಿಟ್ಟುಬಿಡುವ ಕೆಲಸದ ಬಹುಪಾಲು ಮಿದುಳಿನ ಮೇಲಿನ ಹಂತಗಳಲ್ಲಿ ನಡೆಯುತ್ತದೆ. ಆದರೆ ಒಂದು ಪಾಲು ಕಿವಿಯವರೆಗೂ ಇಳಿಯುತ್ತದೆ, ಏಕೆಂದರೆ ಮಿದುಳಿನ ಹೊರಪದರದಿಂದಲೂ ಆಲಿವ್ ಭಾಗಕ್ಕೆ ನರಗಳು ಇಳಿದು ಬರುತ್ತವೆ. 2007ರಲ್ಲಿ ಚಿಲಿ ದೇಶದ ವಿಜ್ಞಾನಿಗಳು ಚಿಂಚಿಲ್ಲಾ ಎಂಬ ಇಲಿಜಾತಿಯ ಪ್ರಾಣಿಗಳಿಗೆ ಬೆಳಕು ನೋಡಿ ಗುರುತಿಸುವ ಆಟ ಕಲಿಸಿದರು. ಪ್ರಾಣಿ ಬೆಳಕಿನ ಮೇಲೆ ಗಮನ ಇಟ್ಟಾಗ ಸದ್ದಿಗೆ ಶ್ರವಣ ನರ ಕೊಡುವ ಉತ್ತರ ಕುಗ್ಗಿತು.

ಇಷ್ಟು ಓದಿ ಮಗನ ಕಿವಿ ಸರಿ ಇದೆ ಎಂದು ನೀವೇ ತೀರ್ಮಾನ ಮಾಡಬೇಡಿ. ಮೊಬೈಲ್ ಕೈಯಲ್ಲಿ ಇಲ್ಲದಾಗಲೂ, ಬೆನ್ನ ಹಿಂದಿನಿಂದ ಕರೆದಾಗಲೂ ತಿರುಗದಿದ್ದರೆ ಪರೀಕ್ಷೆ ಮಾಡಿಸಲೇಬೇಕು.

ಸಂಗೀತ ಕಲತವರ ಕಿವಿ ಬ್ಯಾರೆನಾ?

ಈ ನೆಲದಲ್ಲಿ ಈ ಪ್ರಶ್ನೆ ಬರದಿದ್ದರೆ ಆಶ್ಚರ್ಯ. ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಧಾರವಾಡದ ಮಲ್ಲಿಕಾರ್ಜುನ ಮನಸೂರ, ಗದಗ ಸೀಮೆಯಿಂದ ಬಂದ ಭೀಮಸೇನ ಜೋಶಿ ಹಾಡಿದ ಊರುಗಳಿವು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಬರೀ ಕಿವಿಯ ಬಲದಿಂದ ರಾಗ ಕಲಿಯುತ್ತಾರೆ. ತಂಬೂರಿಯ ಜವಾರಿಯಲ್ಲಿ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸಿ "ಈಗ ಬಂತು" ಎನ್ನುವ ಹುಡುಗನ ಮುಖ ನೋಡಿದವರಿಗೆ, ಅವನು ನಮಗಿಂತ ಹೆಚ್ಚು ಕೇಳುತ್ತಿದ್ದಾನೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

1999ರಲ್ಲಿ ಫ್ರಾನ್ಸಿನ ಸಂಶೋಧಕರು ಸಂಗೀತಗಾರರನ್ನೂ ಸಂಗೀತ ಕಲಿಯದವರನ್ನೂ ಹೋಲಿಸಿ, ಸಂಗೀತಗಾರರಲ್ಲಿ ಮಿದುಳಿನ ಈ ಹಿಡಿತ ಎರಡೂ ಕಿವಿಗಳಲ್ಲಿ ಹೆಚ್ಚು ಬಲವಾಗಿದೆ ಎಂದು ವರದಿ ಮಾಡಿದರು. ರಿಯಾಜಿನಿಂದ ಹಿಡಿತ ಬಲವಾಯಿತೋ, ಹಿಡಿತ ಬಲವಿದ್ದವರೇ ಸಂಗೀತಕ್ಕೆ ಬಂದರೋ ಎಂಬುದನ್ನು ಅಂಥ ಹೋಲಿಕೆ ಒಂದರಿಂದಲೇ ಹೇಳಲು ಬರುವುದಿಲ್ಲ. ರಿಯಾಜು ಮುಖ್ಯವಾಗಿ ಬೆಳೆಸುವುದು ಮಿದುಳನ್ನು, ಕೋಶಗಳ ಸಂಖ್ಯೆ ಹಾಡಿದವರಿಗೂ ಹಾಡದವರಿಗೂ ಅಷ್ಟೇ.

ಗಣಪತಿ ಮುಂದ ಡಿಜೆ, ಹೋಳಿ ಹಬ್ಬಕ್ಕ ಜಗ್ಗಲಿಗಿ. ಮಿದುಳ ಲಗಾಮು ಹಿಡದಿರತೈತಲ್ಲ, ಕಿವಿಗೆ ಏನೂ ಆಗಂಗಿಲ್ಲ ಹೌದಲ್ಲ?

ಲಗಾಮು ಕಾಪಾಡುತ್ತದೆ, ನಿಜ. 2000ದಲ್ಲಿ ಮೇಸನ್ ಮತ್ತು ಲಿಬರ್ಮನ್ ಗಿನಿಯಿಲಿಗಳಲ್ಲಿ ಮೊದಲು ಈ ಹಿಡಿತದ ಬಲ ಅಳೆದು, ಆಮೇಲೆ ಎಲ್ಲಕ್ಕೂ ಒಂದೇ ಜೋರಿನ ಸದ್ದು ಕೇಳಿಸಿದರು. ಹಿಡಿತ ಬಲವಾಗಿದ್ದವುಗಳ ಕಿವಿಗೆ ಪೆಟ್ಟು ಕಡಿಮೆಯಾಯಿತು, ಸಡಿಲಿದ್ದವುಗಳಿಗೆ ಹೆಚ್ಚಾಯಿತು. ಒಂದೇ ಮೆರವಣಿಗೆಯಲ್ಲಿ ಒಂದೇ ಸಾಲಿನಲ್ಲಿ ನಡೆದ ಇಬ್ಬರಲ್ಲಿ ಒಬ್ಬರ ಕಿವಿ ಹೋಗಿ ಇನ್ನೊಬ್ಬರದು ಉಳಿಯಲು ಇದೂ ಒಂದು ಕಾರಣ ಇರಬಹುದು.

ಆದರೆ ಲಗಾಮಿಗೂ ಒಂದು ಮಿತಿ ಇದೆ. ಅದು ಬೆಳೆದುಬಂದದ್ದು ಗಾಳಿ, ಮಳೆ, ಜನರ ಗದ್ದಲಕ್ಕೆ, ಸ್ಪೀಕರುಗಳ ಗೋಡೆಗೆ ಅಲ್ಲ. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರೀ 15 ನಿಮಿಷ. ಡಿಜೆ ಸ್ಪೀಕರಿನ ಮುಂದೆ 100 ದಾಟುವುದು ಅಪರೂಪವಲ್ಲ, ಅದರ ಮುಂದೆ ಕುಣಿಯುವ ಹುಡುಗರು ನಿಲ್ಲುವುದು ಗಂಟೆಗಟ್ಟಲೆ.

ಹೆಚ್ಚು ಅಂಜಿಕೆ ಹುಟ್ಟಿಸಿದ ಸಂಗತಿ 2009ರದು. ಶರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಿಗೆ 2 ಗಂಟೆ 100 ಡೆಸಿಬೆಲ್ ಸದ್ದು ಕೇಳಿಸಿದರು. ಕೆಲವೇ ದಿನಗಳಲ್ಲಿ ಇಲಿಗಳ ಶ್ರವಣ ಮೊದಲಿನಂತಾಯಿತು, ಪರೀಕ್ಷೆಯಲ್ಲಿ ಎಲ್ಲ ಸರಿ. ಕೋಶಗಳೂ ಉಳಿದಿದ್ದವು. ಆದರೆ ಒಳ ರೋಮಕೋಶ ಮತ್ತು ಶ್ರವಣ ನರದ ನಡುವಿನ ಕೊಂಡಿಗಳಲ್ಲಿ, ತಾರಕದ ಭಾಗದಲ್ಲಿ, ಹತ್ತಿರಹತ್ತಿರ ಅರ್ಧದಷ್ಟು ಹರಿದುಹೋಗಿದ್ದವು, ಮತ್ತೆ ಕೂಡಲಿಲ್ಲ. ಮೆರವಣಿಗೆಯ ಮರುದಿನ ಕಿವಿ ಗುಂಯ್ ಎಂದು, ಮೂರನೆಯ ದಿನ "ಸರಿ ಆತು" ಎನ್ನುವ ಹುಡುಗರನ್ನು ನೋಡಿದಾಗ ನನಗೆ ಈ ಇಲಿಗಳು ನೆನಪಾಗುತ್ತವೆ.

ಹಕ್ಕಿಗಳಲ್ಲಿ ಸತ್ತ ರೋಮಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತದೆ. ನಮ್ಮ ಕಾಕ್ಲಿಯಾದಲ್ಲಿ ಹುಟ್ಟುವುದಿಲ್ಲ. ತಾಯಿಯ ಹೊಟ್ಟೆಯಿಂದ ತಂದದ್ದೇ ಕಡೆಯವರೆಗೆ.

ಜಗ್ಗಲಿಗೆಯನ್ನು ನಿಲ್ಲಿಸಿ ಎಂದು ನಾನು ಎಂದೂ ಹೇಳುವುದಿಲ್ಲ. ಗಾಡಿಯ ಗಾಲಿಗೆ ಚರ್ಮ ಬಿಗಿದು ಬಾರಿಸುವ ಆ ವಾದ್ಯ ಹುಬ್ಬಳ್ಳಿಯ ಹೋಳಿಯ ಜೀವ. ಬಾರಿಸುವವರು ಕಿವಿಗೆ ಫೋಮ್ ಇಯರ್‌ಪ್ಲಗ್ ಹಾಕಲಿ, ಹೆಗಲ ಮೇಲೆ ಕೂಸುಗಳನ್ನು ಹೊತ್ತು ಡಿಜೆ ಹತ್ತಿರ ಹೋಗುವವರು ಹಿಂದೆ ಸರಿಯಲಿ ಎಂಬುದಷ್ಟೇ ನನ್ನ ಕೇಳಿಕೆ. ಹತ್ತಿಯ ಉಂಡೆಯಿಂದ ಹೆಚ್ಚು ಉಪಯೋಗವಿಲ್ಲ. ಕಾನೂನಿನ ಮಟ್ಟಿಗೆ, 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ.

ಕಿವ್ಯಾಗ ಸಣ್ಣ ಸ್ನಾಯು ಇರತೈತಿ, ಅದು ಸದ್ದು ತಡೀತೈತಿ ಅಂತ ಓದೀನಿ. ಅದೂ ಇದೂ ಒಂದನಾ?

ಬೇರೆ. ಅದು ನಡುಕಿವಿಯ ಸ್ಟೆಪೀಡಿಯಸ್ ಸ್ನಾಯು, ಜೋರಿನ ಸದ್ದಿಗೆ ಸಣ್ಣ ಎಲುಬನ್ನು ಜಗ್ಗಿ ಹಿಡಿಯುತ್ತದೆ, ಹೆಚ್ಚಾಗಿ ಮಂದ್ರದ ಸದ್ದನ್ನು ತಡೆಯುತ್ತದೆ. ಲಗಾಮು ಇರುವುದು ಇನ್ನೂ ಒಳಗೆ, ಮೆಲ್ಲನೆಯ ಸದ್ದಿಗೂ ಅದು ಎಚ್ಚರವಾಗುತ್ತದೆ.

ಈ ಲಗಾಮನ್ನ ಅಳಿಯಾಕ ಬರತೈತೇನ್ರಿ?

ಬರುತ್ತದೆ. ಬೆಟಗೇರಿಯಿಂದ ಬಂದಿದ್ದ ಒಬ್ಬ ನೇಕಾರ ಕಾಕಾ ಅವರಿಗೆ ತೋರಿಸಿದ್ದನ್ನು ಹೇಳುತ್ತೇನೆ. ಅವರ ಎಡಗಿವಿಯೊಳಗೆ ಮೆತ್ತನೆಯ ರಬ್ಬರ್ ತುದಿ ಕೂರಿಸಿದೆ. ಅದರೊಳಗೆ ಸಣ್ಣ ಸ್ಪೀಕರೂ ಮೈಕೂ ಇರುತ್ತವೆ. ಯಂತ್ರ ಟಿಕ್ ಟಿಕ್ ಎನ್ನುತ್ತದೆ, ಹೊರ ರೋಮಕೋಶಗಳು ಕುಣಿದ ಸದ್ದು ಪೊರೆಗುಂಟ ಹಿಂದಕ್ಕೆ ಹರಿದು, ಕಿವಿತಮಟೆ ದಾಟಿ ಮೈಕಿಗೆ ಬೀಳುತ್ತದೆ. ಡೇವಿಡ್ ಕೆಂಪ್ ಕೇಳಿದ್ದು ಇದನ್ನೇ. ನಾವು ಇದಕ್ಕೆ ಓಎಇ ಪರೀಕ್ಷೆ ಎನ್ನುತ್ತೇವೆ. ಪರದೆಯ ಮೇಲೆ ಕಂಬಗಳು ಎದ್ದು ನಿಂತವು. "ಕಾಕಾ, ಇದು ನಿಮ್ಮ ಕಿವಿ ಮಾಡೋ ಸದ್ದರಿ" ಎಂದೆ. "ನನ್ನ ಕಿವಿನ ಸದ್ದ ಮಾಡತೈತೇನವಾ? ಅದಕ್ಕೂ ಮಗ್ಗ ಐತೇನು?" ಎಂದು ಪರದೆಯ ಹತ್ತಿರ ಬಗ್ಗಿದರು. ಆಮೇಲೆ ಬಲಗಿವಿಗೆ ಹೆಡ್‌ಫೋನಿನಲ್ಲಿ ಸರ್ರ್ ಎನ್ನುವ ಮಳೆಯಂಥ ಸದ್ದು ಬಿಟ್ಟೆ. ಎಡಗಿವಿಗೆ ಏನನ್ನೂ ಬದಲಿಸಲಿಲ್ಲ. ಎಡಗಡೆಯ ಕಂಬಗಳು ತುಸು ಕುಗ್ಗಿದವು, ಒಂದು ಡೆಸಿಬೆಲ್‌ನಷ್ಟು. ಬಲಗಿವಿಯ ಸುದ್ದಿ ಮಿದುಳ ಕಾಂಡಕ್ಕೆ ಹೋಗಿ, ಅಲ್ಲಿಂದ ಅಪ್ಪಣೆ ಎಡಗಿವಿಗೆ ಇಳಿದಿತ್ತು. ಸದ್ದು ನಿಲ್ಲಿಸಿದೆ, ಕಂಬಗಳು ಮತ್ತೆ ಏರಿದವು. ಕಾಕಾ "ಇನ್ನೊಮ್ಮೆ ಮಾಡವಾ" ಎಂದರು. ಮೂರು ಸಲ ಮಾಡಿದೆ.

ಅವರ ತಾರಕದ ಕಂಬಗಳು ಏಳಲೇ ಇಲ್ಲ. ಪವರ್‌ಲೂಮಿನ ಲಾಳಿಯ ಸದ್ದಿನಲ್ಲಿ ಕಳೆದ ವರ್ಷಗಳಲ್ಲಿ ಆ ಭಾಗದ ಕೋಶಗಳು ಹೋಗಿದ್ದವು. ಲಗಾಮು ಇದ್ದರೂ ಅಲ್ಲಿ ಕುದುರೆಯೇ ಇರಲಿಲ್ಲ.

ಈ ಎರಡನೆಯ ಭಾಗವನ್ನು, ಇನ್ನೊಂದು ಕಿವಿಗೆ ಸದ್ದು ಕೊಟ್ಟು ನೋಡುವುದನ್ನು, ದಿನನಿತ್ಯದ ತಪಾಸಣೆಯಲ್ಲಿ ಮಾಡುವುದಿಲ್ಲ. ವ್ಯತ್ಯಾಸ ಅಷ್ಟು ಸಣ್ಣದು, ಒಬ್ಬರಿಂದೊಬ್ಬರಿಗೆ ಅಷ್ಟು ಬೇರೆ. ಬರೀ ಓಎಇ ಮಾತ್ರ ಎಳೆಗೂಸುಗಳಿಗೂ ಮಾಡುವ ಪರೀಕ್ಷೆ. ಕೂಸು ಮಲಗಿದ್ದರೆ ಕೆಲವೇ ನಿಮಿಷದ ಕೆಲಸ.

ಕೂಸಿನ ಓಎಇ "ಪಾಸ್" ಅಂತ ಬಂತು. ಆದ್ರೂ ಕೂಸು ಸದ್ದಿಗೆ ತಿರುಗಂಗಿಲ್ಲ.

ತಡಮಾಡದೆ ಬೇರಾ ಪರೀಕ್ಷೆ ಮಾಡಿಸಿ, ಅಂದರೆ ಸದ್ದಿಗೆ ಶ್ರವಣ ನರವೂ ಮಿದುಳ ಕಾಂಡವೂ ಕೊಡುವ ವಿದ್ಯುತ್ ಉತ್ತರವನ್ನು ಅಳೆಯುವ ಪರೀಕ್ಷೆ. ಓಎಇ ಹೇಳುವುದು ಹೊರ ರೋಮಕೋಶಗಳು ಕುಣಿಯುತ್ತಿವೆ ಎಂದು ಮಾತ್ರ. ಒಳ ರೋಮಕೋಶದಿಂದ ನರಕ್ಕೆ ಸುದ್ದಿ ದಾಟುತ್ತಿದೆಯೇ ಎಂದು ಅದು ಹೇಳುವುದಿಲ್ಲ. ಓಟೋಫರ್ಲಿನ್ ಎಂಬ ಪ್ರೋಟೀನಿನ ದೋಷವಿದ್ದರೆ ಆ ದಾಟುವ ಜಾಗವೇ ಕೆಟ್ಟಿರುತ್ತದೆ, ಕೂಸಿಗೆ ಕೇಳಿಸುವುದಿಲ್ಲ, ಓಎಇ ಮಾತ್ರ ಚೆನ್ನಾಗಿ ಬರಬಹುದು. ಇದು ತಂದೆ ತಾಯಿ ಇಬ್ಬರಿಂದಲೂ ಬಂದರೆ ಕಾಣಿಸುವ ದೋಷ. ಸೋದರಸಂಬಂಧದ ಲಗ್ನಗಳಲ್ಲಿ ಇಂಥ ದೋಷಗಳ ಸಂಭವ ಹೆಚ್ಚು, ನಮ್ಮ ಭಾಗದಲ್ಲಿ ಈ ಮಾತನ್ನು ಮುಚ್ಚುಮರೆಯಿಲ್ಲದೆ ಆಡಬೇಕು. ಈ ಒಂದು ದೋಷಕ್ಕೆ ಜೀನ್ ಚಿಕಿತ್ಸೆ ಕೊಟ್ಟು ಮಕ್ಕಳಿಗೆ ಕೇಳಿಸುವಂತಾದ ವರದಿಗಳು 2024ರಲ್ಲಿ ಪ್ರಕಟವಾಗಿವೆ.

ಕಿವ್ಯಾಗ ಹಗಲೂರಾತ್ರಿ ಗುಂಯ್ ಅಂತೈತಿ. ಲಗಾಮು ತಪ್ಪಿದ್ದಕ್ಕನಾ?

ಕೋಶಗಳಿಂದ ಬರುವ ಸುದ್ದಿ ಕಡಿಮೆಯಾದಾಗ ಮಿದುಳು ತನ್ನೊಳಗಿನ ವಾಲ್ಯೂಮನ್ನೇ ಏರಿಸಿಕೊಳ್ಳುತ್ತದೆ, ಆಗ ತನ್ನದೇ ಗುಸುಗುಸು ತನಗೆ ಕೇಳಿಸುತ್ತದೆ – ಹೆಚ್ಚು ಒಪ್ಪಿಗೆ ಇರುವ ವಿವರಣೆ ಇದು. ತುಸು ಗುಂಯ್ ಬಹುತೇಕ ಎಲ್ಲರಲ್ಲೂ ಇದೆ. 1953ರಲ್ಲಿ ಕಿವಿ ಸರಿಯಿದ್ದ 80 ಜನರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿದಾಗ ನೂರಕ್ಕೆ 94 ಜನ ಏನೋ ಒಂದು ಸದ್ದು ಕೇಳಿಸಿತು ಎಂದಿದ್ದರು. ಆದರೆ ಒಂದೇ ಕಿವಿಯಲ್ಲಿ ಗುಂಯ್ ಶುರುವಾಗಿ ಅದೇ ಕಿವಿ ದಿಢೀರನೆ ಕೇಳಿಸದಂತಾದರೆ ಅದೇ ದಿನ ಕಿವಿ ಡಾಕ್ಟರ ಹತ್ತಿರ ಹೋಗಬೇಕು. ಅದಕ್ಕೆ ಔಷಧ ಇದೆ, ತಡವಾದಷ್ಟೂ ಅದು ಹತ್ತುವುದಿಲ್ಲ.

ಮೀನಕ್ಕೂ ರೋಮಕೋಶ ಅದಾವಂತ, ಖರೇನಾ?

ಖರೆ. ಉಣಕಲ್ ಕೆರೆಯ ಮೀನಿನ ಮೈಮೇಲೆ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಕಾಣುತ್ತದಲ್ಲ, ಅದರಗುಂಟ ಇರುವುದು ನಮ್ಮ ಕಿವಿಯಲ್ಲಿರುವಂಥವೇ ರೋಮಕೋಶಗಳು. ನೀರಿನ ಅಲುಗಾಟವನ್ನು ಅವು ತಿಳಿಸುತ್ತವೆ. ಮೀನು ತಾನೇ ಈಜಿದರೆ ನೀರು ಅಲುಗುವುದಿಲ್ಲವೇ? ಅದಕ್ಕೇ ಅದರ ಮಿದುಳು ಈಜಲು ಅಪ್ಪಣೆ ಕೊಟ್ಟ ಗಳಿಗೆಯಲ್ಲೇ ರೋಮಕೋಶಗಳಿಗೂ "ಸುಮ್ಮನಿರಿ" ಎಂದು ಅಸಿಟೈಲ್‌ಕೋಲಿನ್ ಕಳಿಸುತ್ತದೆ. ತನ್ನ ಸದ್ದನ್ನು ತಾನೇ ತಗ್ಗಿಸಿ, ಬೇರೆಯವರ ಸದ್ದಿಗೆ ಜಾಗ ಮಾಡುತ್ತದೆ. ನಮ್ಮಲ್ಲಿ ಮೈಯ ಸಮತೋಲ ನೋಡಿಕೊಳ್ಳುವ ಒಳಕಿವಿಯ ರೋಮಕೋಶಗಳಿಗೂ ಮಿದುಳಿನಿಂದ ಇಂಥ ನರಗಳು ಬರುತ್ತವೆ.

ಕಿವಿಗೆ ಬೆಚ್ಚಗ ಎಣ್ಣಿ ಬಿಟ್ರ ನರ ಚುರುಕ ಆಕ್ಕಾವೇನು?

ಇಲ್ಲ. ಎಣ್ಣೆ ಕಿವಿತಮಟೆಯಿಂದ ಆಚೆಗೆ ಹೋಗುವುದಿಲ್ಲ. ತಮಟೆ ತೂತಾಗಿದ್ದರೆ ಹೋಗುತ್ತದೆ, ಆಗ ಸೋಂಕಿನ ಅಪಾಯ.

ಲಗಾಮು ಬಿಗಿ ಮಾಡಾಕ ಗುಳಗಿ ಅದಾವೇನು?

ಇಲ್ಲ. ಯಾರಾದರೂ ಮಾರುತ್ತಿದ್ದರೆ ಕೊಳ್ಳಬೇಡಿ. ಗುಳಿಗೆ, ಇಂಜೆಕ್ಷನ್ನಿನಿಂದ ರೋಮಕೋಶಗಳನ್ನು ಕಳೆದುಕೊಳ್ಳಬಹುದು ಎಂಬುದನ್ನು ಮಾತ್ರ ನೆನಪಿಡಿ. ಜೆಂಟಾಮೈಸಿನ್, ಸ್ಟ್ರೆಪ್ಟೋಮೈಸಿನ್, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಅಂಥವು. ಜೀವ ಉಳಿಸಲು ಅವು ಬೇಕೇ ಆಗುತ್ತವೆ, ನಡುವೆ ನಿಲ್ಲಿಸಬೇಡಿ, ಆದರೆ ಶುರು ಮಾಡುವ ಮುಂಚೆ ಶ್ರವಣ ಪರೀಕ್ಷೆ ಮಾಡಿಸಲು ಡಾಕ್ಟರನ್ನು ಕೇಳಿ.

ಮಷೀನ್ ಹಾಕ್ಕೊಂಡ್ರ ಎಲ್ಲಾ ಸರಿ ಆಕ್ಕೈತೇನು? ಮನ್ಯಾಗಿನವರು ಏನು ಮಾಡಬೇಕು?

ಶ್ರವಣ ಸಾಧನ ಸದ್ದನ್ನು ದೊಡ್ಡದು ಮಾಡುತ್ತದೆ, ಬಹಳ ಜನರಿಗೆ ಅದರಿಂದ ಬಾಳೇ ಬದಲಾಗುತ್ತದೆ. ಆದರೆ ಸತ್ತ ಹೊರ ರೋಮಕೋಶಗಳ ಚುರುಕನ್ನು ಅದು ಪೂರ್ತಿ ತುಂಬಿಕೊಡಲಾರದು. ಮಾತಿನ ಜತೆ ಗದ್ದಲವೂ ದೊಡ್ಡದಾಗುತ್ತದೆ. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಎರಡು ಮೈಕಿನ ಸಾಧನಗಳು ಇದರಲ್ಲಿ ಸ್ವಲ್ಪ ಸಹಾಯ ಮಾಡುತ್ತವೆ.

ಮನೆಯವರು ಮಾಡಬೇಕಾದ್ದು ಕೂಗುವುದಲ್ಲ. ಕೂಗಿದರೆ "ಆ", "ಓ" ಜೋರಾಗುತ್ತವೆ, "ಸ", "ತ", "ಕ" ಅಲ್ಲೇ ಉಳಿಯುತ್ತವೆ. ಎದುರಿಗೆ ಬಂದು, ಮುಖ ಬೆಳಕಿಗೆ ಹಿಡಿದು, ತುಸು ನಿಧಾನ ಮಾತಾಡಿ. ಅದಕ್ಕೂ ಮೊದಲು ಹಿಂದಿನ ಗದ್ದಲ ನಿಲ್ಲಿಸಿ. ನವಲಗುಂದ ಕಡೆಯ ಒಬ್ಬ ಅಜ್ಜಾರನ್ನು ಕರೆದುಕೊಂಡು ಸೊಸೆ ಬಂದಿದ್ದರು. ಅಡುಗೆಮನೆಯಿಂದ ಎಷ್ಟು ಒದರಿದರೂ ಮಾವನವರಿಗೆ ಗೊತ್ತಾಗುವುದಿಲ್ಲ ಎಂದು ಅವರ ಕಣ್ಣಲ್ಲಿ ನೀರು. ಆಗ ಅಡುಗೆಮನೆಯಲ್ಲಿ ಏನೇನು ನಡೆದಿರುತ್ತದೆ ಎಂದು ಕೇಳಿದೆ. ರೊಟ್ಟಿ ಬಡಿಯುತ್ತಿರುತ್ತೇನೆ, ಮಿಕ್ಸಿ ತಿರುಗುತ್ತಿರುತ್ತದೆ, ಪಡಸಾಲೆಯಲ್ಲಿ ಟಿವಿ ಇರುತ್ತದೆ ಎಂದರು. ಮಿಕ್ಸಿ ಬಂದ್ ಮಾಡಿ, ಪಡಸಾಲೆಗೆ ಬಂದು, ಟಿವಿ ಸದ್ದು ತಗ್ಗಿಸಿ ಒಮ್ಮೆ ಕರೆದು ನೋಡಿ ಎಂದೆ. ತಿಂಗಳ ಮೇಲೆ ಮಷೀನಿನ ಅಳತೆ ಸರಿಪಡಿಸಲು ಬಂದಾಗ ಅಜ್ಜಾರೇ ಹೇಳಿದರು: "ಈಗ ನಮ್ಮವ್ವ ರೊಟ್ಟಿ ಬಡಿಯೂದ ನಿಂದ್ರಿಸಿ ಹೊರಗ ಬಂದು ಉಣ್ಣಾಕ ಕರೀತಾಳ್ರಿ. ಒಂದ ಸಲಕ್ಕ ಎದ್ದು ಹೊಕ್ಕೀನಿ."